ಇಂದ್ರನಿಗೆಷ್ಟು ಹಿಟ್ ಪಾಯಿಂಟ್?

ಆಟದ ನಿಯಮಗಳಿಗೆ ಪುರವಣಿ ಬರೆಯುವವರ ಕೈ ಬಿಗಿಯಾಗಿರಬೇಕು ಅನ್ನುವ ಪಂಗಡ ನನ್ನದು. ಮೇಜಿನ ಸುತ್ತ ಕೂತು ಪಾತ್ರ ವಹಿಸಿ ಆಡುವ ‘ಡಂಜನ್ಸ್ ಅಂಡ್ ಡ್ರ್ಯಾಗನ್ಸ್’ 1974ರಲ್ಲಿ ಅಮೆರಿಕದ ಲೇಕ್ ಜಿನೀವಾದಿಂದ ಮೂರು ಕಿರುಪುಸ್ತಕಗಳಾಗಿ ಹೊರಟಿತು. ಮರುವರ್ಷವೇ ‘ಗ್ರೇಹಾಕ್’ ಪುರವಣಿ. ಅದುವರೆಗೆ ಬಾಕುವಿನಿಂದ ಇರಿದರೂ ದೊಡ್ಡ ಖಡ್ಗ ಬೀಸಿದರೂ ಗಾಯ ಅಳೆಯಲು ಆರು ಮುಖದ ದಾಳವೇ. ಪುರವಣಿ ಬರೆದ ಗ್ಯಾರಿ ಗೈಗ್ಯಾಕ್ಸ್ ಮತ್ತು ರಾಬ್ ಕುಂಟ್ಜ್ ಆಯುಧಕ್ಕೆ ತಕ್ಕ ದಾಳ ಕೊಟ್ಟರು, ಕಳ್ಳನ ಪಾತ್ರವನ್ನೂ ತಂದರು. ಪ್ರತಿ ಕಾಳಗದಲ್ಲೂ ಕೆಲಸಕ್ಕೆ ಬರುವಂಥದ್ದು, ಸೇರಲೇಬೇಕಿತ್ತು. ಮುಂದಿನ ಪುರವಣಿ ‘ಬ್ಲ್ಯಾಕ್‌ಮೂರ್’ ಏಟು ತಲೆಗೋ ಕಾಲಿಗೋ ಎಂದು ಲೆಕ್ಕ ಹಾಕಿಸಿತು. ಓದಲು ಚೆಂದ, ಆಡಲು ತಲೆನೋವು.

1976ರಲ್ಲಿ ಕುಂಟ್ಜ್ ಮತ್ತು ಜೇಮ್ಸ್ ವಾರ್ಡ್ ದೇವತೆಗಳದೇ ಪುಸ್ತಕ ಮಾಡಿದರು. ಗ್ರೀಕ್, ಈಜಿಪ್ಟ್ ದೇವರುಗಳ ಪಕ್ಕದಲ್ಲಿ ನಮ್ಮ ಇಂದ್ರನಿಗೂ ಹಿಟ್ ಪಾಯಿಂಟ್, ಅಂದರೆ ಎಷ್ಟು ಏಟು ತಾಳಬಲ್ಲ ಎಂಬ ಅಂಕ! ಮಿತಿಮೀರಿ ಬಲಿತ ಪಾತ್ರಗಳಿಗೆ ಮೂಗುದಾರ ಹಾಕುವುದು ಉದ್ದೇಶವೆಂದು ಸಂಪಾದಕ ಟಿಮ್ ಕಾಸ್ಕ್ ಮುನ್ನುಡಿಯಲ್ಲಿ ಸೂಚಿಸಿದ್ದರು. ಆದರೆ ಅಂಕ ಬರೆದಿಟ್ಟ ಮೇಲೆ ದೇವರನ್ನೂ ಕೊಲ್ಲಬಹುದು ಎಂದು ಆಟಗಾರನಿಗೆ ಅನ್ನಿಸದೇ ಇರುತ್ತದೆಯೇ? ನಾನಾಗಿದ್ದರೆ ಕಥೆ ಬರೆದು ಅಂಕ ಬಿಡುತ್ತಿದ್ದೆ.

1980ರಲ್ಲಿ ಈ ದೇವತೆಗಳ ಪುಸ್ತಕದ ಉತ್ತರಾಧಿಕಾರಿ ‘ಡೀಟೀಸ್ ಅಂಡ್ ಡೆಮಿಗಾಡ್ಸ್’ ಬಂತು. ಮುಂದಿನ ಮುದ್ರಣಗಳಲ್ಲಿ ಲೇಖಕರಾದ ಲವ್‌ಕ್ರಾಫ್ಟ್, ಮೂರ್‌ಕಾಕ್ ಕಥಾಲೋಕಗಳ ಅಧ್ಯಾಯಗಳನ್ನು ಕಿತ್ತರು; ಇಂದ್ರ ಉಳಿದ.