ಬಾಂಬ್ ಸಿಡಿದ ಮೇಲೆ ಕೇಳೋ ಮೊದಲ ಮಾತು

ಇದು ಸ್ವಲ್ಪ ಉದ್ದ ಆಗುತ್ತೆ, ಪುರುಸೊತ್ತು ಇದ್ದಾಗ ಓದಿ.

2024ರ ಮಾರ್ಚ್ 1, ಶುಕ್ರವಾರ ಮಧ್ಯಾಹ್ನ. ಮಾನ್ವಿ ಬಸ್‌ಸ್ಟ್ಯಾಂಡ್ ಹತ್ತಿರ ಚಾ ಅಂಗಡೀಲಿ ಕೂತಿದ್ವಿ. ಬೆಂಗಳೂರಿನ ಬ್ರೂಕ್‌ಫೀಲ್ಡ್‌ನ ರಾಮೇಶ್ವರಂ ಕೆಫೆಯಲ್ಲಿ ಸ್ಫೋಟ ಆಗಿದೆ ಅಂತ ಒಬ್ಬೊಬ್ಬರ ಫೋನಿಗೂ ವಿಡಿಯೋ ಬರೋಕೆ ಶುರುವಾಯ್ತು. ಹೊಗೆ, ಓಡೋ ಜನ, ನೆಲದ ಮೇಲೆ ಚೆಲ್ಲಿದ ಊಟ. ಬೆಂಚಿನ ಮೇಲಿದ್ದ ನಾವು ನಾಲ್ಕೈದು ಜನ ಮೊದಲು ಕೇಳಿದ್ದು ಒಂದೇ ಪ್ರಶ್ನೆ: ಯಾರು ಮಾಡಿದ್ದು? ಹತ್ತು ನಿಮಿಷದಲ್ಲಿ ಅಲ್ಲಿ ಮೂರು ಉತ್ತರ ತಯಾರಾಗಿದ್ವು. ಒಂದಕ್ಕೂ ಆಧಾರ ಇರಲಿಲ್ಲ.

ಅಷ್ಟರಲ್ಲಿ ನಮ್ಮಕ್ಕನ ಫೋನ್ ಬಂತು. ಅವಳ ಮಗ ವೈಟ್‌ಫೀಲ್ಡ್ ಕಡೆ ಕಟ್ಟಡದ ಕೆಲಸಕ್ಕೆ ಗುಳೆ ಹೋಗಿದ್ದ. ಅಕ್ಕ ಕೇಳಿದ್ದು, "ತಮ್ಮಾ, ನಮ್ ಹುಡುಗ ಎಲ್ಲ್ಯಾನ? ಫೋನ್ ಹತ್ತವಲ್ದು." ಯಾರು ಮಾಡಿದ್ದು ಅಂತ ಅವಳು ಅವತ್ತೂ ಕೇಳಲಿಲ್ಲ, ಆಮೇಲೂ ಕೇಳಿಲ್ಲ. ಹುಡುಗ ಸುರಕ್ಷಿತವಾಗಿದ್ದ, ಚಾರ್ಜ್ ಇರಲಿಲ್ಲ ಅಷ್ಟೇ. ಆದ್ರೆ ಆ ಎರಡು ಪ್ರಶ್ನೆಗಳ ನಡುವಿನ ದೂರ ನನ್ನನ್ನು ಬಹಳ ದಿನ ಕಾಡಿತು. ಯಾಕಂದ್ರೆ ಆ ದೂರದಲ್ಲಿ ನನ್ನದೇ ಒಂದು ಹಳೇ ತಪ್ಪಿದೆ. 24 ವರ್ಷ ಹಳೇದು.

ಈಗಿನ ಹುಡುಗರಿಗೆ ಗೊತ್ತಿರಲಿಕ್ಕಿಲ್ಲ, ನಮ್ಮ ಭಾಗದಲ್ಲೂ ಬಾಂಬ್ ಸಿಡಿದಿತ್ತು. 2000ದ ಜೂನ್ 8ರಂದು, ವಾಡಿಯಲ್ಲಿ. ರಾಯಚೂರಿಂದ ಗುಲ್ಬರ್ಗಾಕ್ಕೆ ಹೋಗೋ ರೈಲು ವಾಡಿ ಮುಟ್ಟದೆ ಹೋಗಲ್ಲ. ಸಿಮೆಂಟ್ ಫ್ಯಾಕ್ಟರಿಯ ಊರು, ಜಂಕ್ಷನ್ ಊರು. ಅಲ್ಲಿನ ಸೇಂಟ್ ಆನ್ಸ್ ಕ್ಯಾಥೊಲಿಕ್ ಚರ್ಚಿನಲ್ಲಿ ಸ್ಫೋಟ ಆಯ್ತು. ಅದೇ ದಿನ ಆಂಧ್ರದ ಒಂಗೋಲು, ತಾಡೇಪಲ್ಲಿಗೂಡೆಂ ಚರ್ಚುಗಳಲ್ಲಿ, ಗೋವಾದ ವಾಸ್ಕೋದಲ್ಲೂ ಬಾಂಬ್ ಇಟ್ಟಿದ್ರು. ಪತ್ರಿಕೆಗಳಲ್ಲಿ "ಕ್ರೈಸ್ತರ ಮೇಲೆ ದಾಳಿ" ಅಂತ ಬಂತು. ಸುಳ್ಳಲ್ಲ. ಆದ್ರೆ ಆ ಕ್ರೈಸ್ತರು ಯಾರು ಅಂತ ಯಾರೂ ಬರೀಲಿಲ್ಲ.

ಒಂಗೋಲಿನ ಕತೆ ಸ್ವಲ್ಪ ಹೇಳಲೇಬೇಕು. 1876-78ರ ಬರದ ಕಾಲ ಅದು. ಕೂಳಿಲ್ಲದೆ ಜನ ಸಾಯುವಾಗ ಅಲ್ಲಿನ ಅಮೆರಿಕನ್ ಬ್ಯಾಪ್ಟಿಸ್ಟ್ ಮಿಷನರಿ ಜಾನ್ ಕ್ಲಾವ್ ಬಕಿಂಗ್‌ಹ್ಯಾಮ್ ಕಾಲುವೆ ತೋಡೋ ಗುತ್ತಿಗೆ ಹಿಡಿದು ಮಾದಿಗರಿಗೆ ಕೂಲಿ ಕೊಡಿಸಿದ. ಬರ ಮುಗಿದ ಮೇಲೆ, 1878ರ ಜುಲೈ 3ರಂದು, ಒಂದೇ ದಿನ 2,222 ಜನ ದೀಕ್ಷಾಸ್ನಾನ ತಗೊಂಡ್ರು. ಹೆಚ್ಚಿನವರು ಮಾದಿಗರು. ಅನ್ನಕ್ಕೋಸ್ಕರ ಹೋದ್ರು ಅಂತ ಇವತ್ತಿಗೂ ಅಣಕಿಸೋರಿದ್ದಾರೆ. ಅನ್ನ ಕೊಟ್ಟವನ ಹತ್ರ ಹೋಗದೆ, ನೆರಳು ಬಿದ್ರೆ ಮೈಲಿಗೆ ಅಂದವನ ಹತ್ರ ಹೋಗಬೇಕಿತ್ತಾ? ಇರಲಿ. 2000ದಲ್ಲಿ ಒಂಗೋಲಿನಲ್ಲಿ ಬಾಂಬ್ ಇಟ್ಟದ್ದು ಆ ಪರಂಪರೆಯ ಬ್ಯಾಪ್ಟಿಸ್ಟ್ ಚರ್ಚಿನಲ್ಲಿ. ನಮ್ಮಜ್ಜಂದಿರು ಮೊದಲ ಸಲ ತಲೆ ಎತ್ತಿ ಬೆಂಚಿನ ಮೇಲೆ ಕೂತ ಜಾಗ ಅದು.

ರಾಯಚೂರು, ಗುಲ್ಬರ್ಗಾ, ಬೀದರ್ ಕಡೆಯ ಚರ್ಚುಗಳಲ್ಲೂ ಹೆಚ್ಚಿಗೆ ನಮ್ಮ ಜನಾನೇ. ಭಾನುವಾರ ಒಂದು ಹೆಸರು, ತಹಶೀಲ್ ಕಚೇರೀಲಿ ಇನ್ನೊಂದು. 1950ರ ರಾಷ್ಟ್ರಪತಿ ಆದೇಶದ ಪ್ರಕಾರ ಕ್ರೈಸ್ತ ಆದ್ರೆ ಪರಿಶಿಷ್ಟ ಜಾತಿ ಅಲ್ಲ. 1956ರಲ್ಲಿ ಸಿಖ್ಖರಿಗೆ, 1990ರಲ್ಲಿ ಬೌದ್ಧರಿಗೆ ಬಾಗಿಲು ತೆರೀತು, ಇವರಿಗೆ ತೆರೀಲಿಲ್ಲ. ಹಿಂಗಾಗಿ ಚರ್ಚಿನಲ್ಲಿ ಬಾಂಬ್ ಸಿಡಿದ್ರೆ "ನಾನೂ ಅಲ್ಲಿದ್ದೆ, ನಂಗೂ ಭಯ ಆಗಿದೆ" ಅಂತ ಗಟ್ಟಿಯಾಗಿ ಹೇಳೋಕೂ ಹೆದರೋ ಜನ ಇದ್ರು. ಹೇಳಿದ್ರೆ ಮಗನ ಸ್ಕಾಲರ್‌ಶಿಪ್ ಹೋಗುತ್ತೆ. ದುಃಖಕ್ಕೂ ಜಾತಿ ಪ್ರಮಾಣಪತ್ರ ಬೇಕಾದ ದೇಶ ನಮ್ದು.

ನಾನಾಗ ರಾಯಚೂರಿನಲ್ಲಿ ಹಾಸ್ಟೆಲ್ ಹುಡುಗ. ನಮ್ಮ ಗುಂಪು ಎರಡೇ ದಿನದಲ್ಲಿ ಕರಪತ್ರ ಹಾಕಿಸ್ತು. ಬರೆದವನು ನಾನೇ. 1998ರ ಡಿಸೆಂಬರ್‌ನಲ್ಲಿ ಗುಜರಾತಿನ ಡಾಂಗ್ಸ್‌ನಲ್ಲಿ ಚರ್ಚುಗಳನ್ನು ಸುಟ್ಟಿದ್ರು, 1999ರ ಜನವರಿಯಲ್ಲಿ ಒಡಿಶಾದಲ್ಲಿ ಗ್ರಹಾಂ ಸ್ಟೇನ್ಸ್‌ರನ್ನು ಎರಡು ಪುಟ್ಟ ಗಂಡುಮಕ್ಕಳ ಜೊತೆ ಜೀಪಿನಲ್ಲೇ ಸುಟ್ಟಿದ್ರು. ವಾಡಿಯದ್ದೂ ಅವರದ್ದೇ ಕೆಲಸ ಅಂತ ಬರೆದೆ. ಒಂದು ಸಾಲಿನಲ್ಲೂ "ಇರಬಹುದು" ಅನ್ನೋ ಮಾತು ಹಾಕಲಿಲ್ಲ. ಅಂಬೇಡ್ಕರ್ ಸರ್ಕಲ್‌ನಲ್ಲಿ ಘೋಷಣೆ ಕೂಗಿದ್ವಿ. ವಾಡಿಗೆ ಹೋಗಲಿಲ್ಲ.

ಜುಲೈ 8ಕ್ಕೆ ಹುಬ್ಬಳ್ಳಿಯ ಲೂಥರನ್ ಚರ್ಚಿನಲ್ಲಿ ಸ್ಫೋಟ. ಮರುದಿನ ಬೆಂಗಳೂರಿನ ಜಗಜೀವನರಾಂ ನಗರದ ಚರ್ಚಿನಲ್ಲಿ. (ಆ ಬಡಾವಣೆ ಯಾರ ಹೆಸರಿನದು ಅಂತ ಬೇರೆ ಹೇಳಬೇಕಿಲ್ಲ.) ಆದ್ರೆ ಅದೇ ರಾತ್ರಿ ಮಾಗಡಿ ರೋಡ್ ಕಡೆ ಒಂದು ಮಾರುತಿ ವ್ಯಾನ್ ತಾನೇ ಸಿಡೀತು. ಒಳಗಿದ್ದ ಇಬ್ಬರು ಸತ್ತರು, ಒಬ್ಬ ಗಾಯಗೊಂಡು ಬದುಕಿದ. ಬಾಂಬ್ ಸಾಗಿಸ್ತಿದ್ದವರೇ ಅವರು. ಜಾಡು ಹಿಡಿದು ಪೊಲೀಸರು ಮುಟ್ಟಿದ್ದು ದೀನ್‌ದಾರ್ ಅಂಜುಮನ್ ಅನ್ನೋ ಪಂಥವನ್ನ. ಅದರ ಸ್ಥಾಪಕ ತಾನೇ ಚನ್ನಬಸವೇಶ್ವರನ ಅವತಾರ ಅಂತ ಹೇಳ್ಕೊಂಡಿದ್ದ ಸಿದ್ದಿಕ್ ಹುಸೇನ್. ಹಿಂದೂ-ಕ್ರೈಸ್ತರ ನಡುವೆ ಬೆಂಕಿ ಹಚ್ಚೋದೇ ಉದ್ದೇಶ ಅಂತ ತನಿಖೆ ಹೇಳಿತು. ಅಂದ್ರೆ ನಾನು ಬರೆದ ಕರಪತ್ರ ಇತ್ತಲ್ಲ, ಬಾಂಬ್ ಇಟ್ಟವರಿಗೆ ಬೇಕಾಗಿದ್ದೂ ಅದೇ. ಪುಗಸಟ್ಟೆ ಬರೆದುಕೊಟ್ಟಿದ್ದೆ.

2001ರಲ್ಲಿ ಆ ಸಂಘಟನೆ ನಿಷೇಧ ಆಯ್ತು. 2008ರ ನವೆಂಬರ್‌ನಲ್ಲಿ ಬೆಂಗಳೂರಿನ ವಿಶೇಷ ನ್ಯಾಯಾಲಯ 11 ಜನಕ್ಕೆ ಗಲ್ಲು, 12 ಜನಕ್ಕೆ ಜೀವಾವಧಿ ವಿಧಿಸಿತು. ಗಲ್ಲು ಶಿಕ್ಷೆಯಾದ್ದರಿಂದ ಪ್ರಕರಣ ಹೈಕೋರ್ಟಿಗೆ ಹೋಯ್ತು. ಪಕ್ಕದಲ್ಲೇ ಇನ್ನೊಂದು ಲೆಕ್ಕ ಇಟ್ಟು ನೋಡಿ: ಅದೇ 2000ದ ಮಾರ್ಚ್ 11ರಂದು ಕಂಬಾಲಪಲ್ಲಿಯಲ್ಲಿ ಏಳು ದಲಿತರನ್ನು ಮನೆಯೊಳಗೆ ಕೂಡಿ ಸುಟ್ಟರು. 2006ರಲ್ಲಿ ಆರೋಪಿಗಳೆಲ್ಲ ಖುಲಾಸೆ.

ವ್ಯಾನ್ ಸುದ್ದಿ ಬಂದ ಮೇಲೆ ನಾವೇನು ಮಾಡಿದ್ವಿ? ಸುಮ್ಮನಾದ್ವಿ. ಎರಡನೇ ಕರಪತ್ರ ಬರಲಿಲ್ಲ. "ತಪ್ಪಾಯ್ತು" ಅಂತ ಬರೆಯೋ ಧೈರ್ಯ ಇರಲಿಲ್ಲ. ಇತ್ತ ಬೇರೆಯವರಿಗೆ ಹಬ್ಬ, ಊರ ಮುಸ್ಲಿಮರನ್ನೆಲ್ಲ ಅನುಮಾನದಿಂದ ನೋಡೋಕೆ ಕಾರಣ ಸಿಕ್ತು. ಆ ಪಂಥದ ಹೆಸರನ್ನೇ ಕೇಳಿರದ ಪಂಕ್ಚರ್ ಅಂಗಡಿಯವನು, ಬಳೆ ಮಾರೋ ಚಾಚಾ, ಎಲ್ಲರೂ ಜವಾಬು ಕೊಡಬೇಕಾಯ್ತು. ಅವರ ಪರ ಒಂದು ಮಾತಾಡೋಕೆ ನಮಗೆ ಬಾಯಿ ಬರಲಿಲ್ಲ. ಮೊದಲೇ ತಪ್ಪು ಹೆಸರು ಕೂಗಿ ಬಾಯಿ ಕೆಡಿಸ್ಕೊಂಡಿದ್ವಲ್ಲ.

ನಮ್ಮ ಕೇರೀಲಿ ಒಬ್ಬಾಕೆ ಅಜ್ಜಿ ಇದ್ಲು. ಭಾನುವಾರ ಚರ್ಚಿಗೆ ಹೋಗ್ತಿದ್ಲು, ದ್ಯಾಮವ್ವನ ಜಾತ್ರೇಲೂ ನಿಲ್ತಿದ್ಲು. ಅವಳ ತಂಗೀನ ವಾಡಿ ಕಡೆ ಕೊಟ್ಟಿತ್ತು. ದೀಪಾವಳಿ ಹೊತ್ತಿಗೆ ನಾನು ಊರಿಗೆ ಬಂದಾಗ ನಮ್ಮ ಹೋರಾಟದ ಬಗ್ಗೆ ಜಂಬದಿಂದ ಹೇಳ್ದೆ. ಅಜ್ಜಿ ಎಲಿ ಅಡಿಕಿ ಹಾಕ್ಕೋತಾ ಅಂದ್ಲು: "ನೀವು ಯಾರನ್ನೋ ಬೈಯಾಕ ಹೊಂಟಿದ್ರಿ ಯಪ್ಪಾ. ನಮ್ಮನ್ನ ನೋಡಾಕ ಬಂದಿದ್ದಿಲ್ಲ."

ಬೇರೇನೂ ಅನ್ನಲಿಲ್ಲ. ನಾನೂ ಏನೂ ಹೇಳಲಿಲ್ಲ. ಆ ಭಾನುವಾರಗಳಲ್ಲಿ ಅವಳ ತಂಗಿ ಚರ್ಚಿಗೆ ಹೋಗಿದ್ಲಾ, ಮಕ್ಕಳನ್ನು ಕರ್ಕೊಂಡು ಹೋಗಿದ್ಲಾ, ರಾತ್ರಿ ನಿದ್ದೆ ಬಂತಾ, ಅಂತ ನಾನು ಕೇಳಬಹುದಿತ್ತು. ಆಮೇಲೆ ಅಜ್ಜಿ ಹೋದ್ಲು.

ಈ ವಿಷಯದಲ್ಲಿ ನಂಗೆ ಕಣ್ಣು ತೆರೆಸಿದ್ದು ದೂರದ ಒಂದು ಊರು. ಅಮೆರಿಕದ ಅಲಬಾಮಾ ರಾಜ್ಯದ ಬರ್ಮಿಂಗ್‌ಹ್ಯಾಮ್. ಕರಿಯರ ಮನೆಗಳ ಮೇಲೆ ಎಷ್ಟು ಸಲ ಡೈನಮೈಟ್ ಹಾಕಿದ್ರು ಅಂದ್ರೆ ಜನ ಅದನ್ನ ಬಾಂಬಿಂಗ್‌ಹ್ಯಾಮ್ ಅಂತಿದ್ರು. 1963ರ ಸೆಪ್ಟೆಂಬರ್ 15, ಭಾನುವಾರ ಬೆಳಿಗ್ಗೆ, 16ನೇ ಬೀದಿಯ ಬ್ಯಾಪ್ಟಿಸ್ಟ್ ಚರ್ಚಿನಲ್ಲಿ ಕ್ಲಾನ್ ಗುಂಪಿನವರು ಇಟ್ಟ ಬಾಂಬಿಗೆ ನಾಲ್ಕು ಹುಡುಗಿಯರು ಸತ್ತರು. ಆಡಿ ಮೇ ಕಾಲಿನ್ಸ್, ಸಿಂಥಿಯಾ ವೆಸ್ಲಿ, ಕ್ಯಾರೊಲ್ ರಾಬರ್ಟ್‌ಸನ್ ಮೂವರಿಗೂ 14 ವರ್ಷ. ಡೆನಿಸ್ ಮೆಕ್‌ನೇರ್‌ಗೆ 11. ಅದೇ ದಿನ ಅದೇ ಊರಲ್ಲಿ ಇಬ್ಬರು ಕರಿಯ ಹುಡುಗರನ್ನೂ ಗುಂಡಿಟ್ಟು ಕೊಂದ್ರು, ಅದರಲ್ಲಿ ಒಬ್ಬನನ್ನು ಕೊಂದದ್ದು ಪೊಲೀಸ್.

ಅಲ್ಲಿ ಯಾರು ಮಾಡಿದ್ದು ಅಂತ ಊರಿಗೆಲ್ಲ ಗೊತ್ತಿತ್ತು. ಆದ್ರೂ ಮೊದಲ ಶಿಕ್ಷೆ ಆಗಿದ್ದು 1977ರಲ್ಲಿ. ಇನ್ನಿಬ್ಬರ ಮೇಲೆ ದೋಷಾರೋಪ ಹೊರಿಸಿದ್ದು 2000ದ ಮೇ ತಿಂಗಳಲ್ಲಿ, ನಮ್ಮ ವಾಡಿ ಸ್ಫೋಟಕ್ಕೆ ಕೆಲವೇ ವಾರ ಮುಂಚೆ. ಶಿಕ್ಷೆ 2001 ಮತ್ತು 2002ರಲ್ಲಿ. ಹುಡುಗಿಯರ ವಯಸ್ಸಿನ ಗೆಳತಿಯರು ಅಷ್ಟೊತ್ತಿಗೆ ಅಜ್ಜಿಯರಾಗಿದ್ರು. ನ್ಯಾಯ ಬಂದಮೇಲೇ ಸಮಾಧಾನ ಅಂತ ಕಾಯ್ಕೊಂಡು ಕೂತಿದ್ರೆ ಆ ಜನ ಸತ್ತೇ ಹೋಗ್ತಿದ್ರು.

ಕಾಯ್ಕೊಂಡು ಕೂರಲಿಲ್ಲ ಅವರು. ಕ್ಯಾರೊಲ್‌ಳ ಮನೆಯವರು ನಮ್ಮ ಮಗಳನ್ನ ನಾವೇ ಕಳಿಸ್ತೀವಿ ಅಂತ ಬೇರೆ ಅಂತ್ಯಕ್ರಿಯೆ ಮಾಡಿದ್ರು. ಉಳಿದ ಮೂವರ ಸಾಮೂಹಿಕ ಅಂತ್ಯಕ್ರಿಯೆಯಲ್ಲಿ ಮಾರ್ಟಿನ್ ಲೂಥರ್ ಕಿಂಗ್ ಮಾತಾಡಿದ್ರು. ಇದರಲ್ಲಿ ಯಾರು ಸರಿ ಅಂತ ಕೇಳಬಾರದು. ದುಃಖ ಕೆಲವರಿಗೆ ಜನಜಂಗುಳಿ ಬೇಡುತ್ತೆ, ಕೆಲವರಿಗೆ ಬಾಗಿಲು ಹಾಕಿದ ಮನೆ. ನಾವು ಹೋರಾಟಗಾರರು ಪ್ರತಿ ಹೆಣಾನೂ ಮೆರವಣಿಗೆಗೆ ಬೇಕು ಅಂತೀವಲ್ಲ, ಅದಕ್ಕೆ ಈ ಮಾತು. ಡಯಾನ್ ನ್ಯಾಶ್, ಜೇಮ್ಸ್ ಬೆವೆಲ್ ಅನ್ನೋ ಗಂಡಹೆಂಡ್ತಿ ಆ ದಿನಾನೇ ಕೂತು, ಕೊಂದವರನ್ನ ನಾವೂ ಕೊಲ್ಲಬೇಕಾ, ಇಲ್ಲ ಅಲಬಾಮಾದ ಪ್ರತಿ ಕರಿಯರಿಗೂ ಮತದ ಹಕ್ಕು ಕೊಡಿಸಬೇಕಾ ಅಂತ ಯೋಚಿಸಿ ಎರಡನೇದನ್ನ ಆರಿಸ್ಕೊಂಡ್ರು. ಆ ಯೋಜನೆಯ ಎಳೆಯೇ ಸೆಲ್ಮಾ ಚಳವಳಿಗೆ, 1965ರ ಮತದಾನ ಹಕ್ಕು ಕಾಯ್ದೆಗೆ ಹೋಗಿ ಮುಟ್ಟಿದ್ದು.

ಇನ್ನೊಂದು ಸಂಗತಿ ಇದೆ, ನನಗೆ ಅದೇ ಹೆಚ್ಚು ಇಷ್ಟ. ಆ ಹುಡುಗಿಯರನ್ನು ಕಂಡೇ ಇರದ, ಸಮುದ್ರದ ಆಚೆಯ ವೇಲ್ಸ್ ನಾಡಿನ ಜನ, ಒಡೆದ ಕಿಟಕಿಗೆ ಬಣ್ಣದ ಗಾಜು ಮಾಡಿಸಿ ಕಳಿಸ್ತೀವಿ ಅಂದ್ರು. ಅಲ್ಲಿನ ಒಂದು ಪತ್ರಿಕೆ ಚಂದಾ ಎತ್ತಿತು. ಷರತ್ತು ಏನು ಗೊತ್ತಾ? ಒಬ್ಬರಿಂದ ಅರ್ಧ ಕ್ರೌನ್‌ಗಿಂತ ಹೆಚ್ಚು ತಗೊಳ್ಳೋದಿಲ್ಲ. ದೊಡ್ಡ ಸಾಹುಕಾರ ಒಬ್ಬನೇ ಪೂರ್ತಿ ಕೊಟ್ಟು ಹೆಸರು ಕೆತ್ತಿಸ್ಕೋಬಾರದು, ಮಕ್ಕಳ ಚಿಲ್ಲರೆ ಕಾಸೂ ಸೇರಬೇಕು. ಜಾನ್ ಪೆಟ್ಸ್ ಅನ್ನೋ ಕಲಾವಿದ ಕೈ ಚಾಚಿ ನಿಂತ ಕರಿಯ ಯೇಸುವನ್ನ ಮಾಡಿದ. 1965ರಿಂದ ಅದು ಆ ಚರ್ಚಿನಲ್ಲಿದೆ.

ನಮ್ಮಲ್ಲಿ ಅಂಥದ್ದು ಇಲ್ವಾ ಅಂದ್ರೆ, ಇದೆ. ಸತ್ತ ಮನೇಲಿ ಒಲೆ ಹೊತ್ತಲ್ಲ, ಬೀಗರು ನೆರೆಯವರು ಬುತ್ತಿ ತರ್ತಾರೆ. ಇವನ್ಯಾಕೆ ಸತ್ತ, ಯಾರು ಕೊಂದ್ರು ಅಂತ ಬುತ್ತಿ ತಂದವರು ಮೊದಲು ಕೇಳಲ್ಲ, ಒಂದು ತುತ್ತು ಉಣ್ಣು ಅಂತಾರೆ. ಇನ್ನು ಮೊಹರಂ. ಮುದಗಲ್ಲಿನಿಂದ ಹಿಡಿದು ನಮ್ಮ ಹಳ್ಳಿಹಳ್ಳಿಯ ಅಲಾಯಿ ಕುಣಿ ತನಕ, ಹಲಗಿ ಬಡಿಯೋರು ನಮ್ಮೋರು. 680ರಲ್ಲಿ ಕರ್ಬಲಾದಲ್ಲಿ ಸತ್ತವರಿಗೆ ತುಂಗಭದ್ರೆಯ ದಂಡೆಯ ಮಾದಿಗರು ರಿವಾಯತ್ ಪದ ಹಾಡಿ ಅಳ್ತಾರೆ. ಯಾರ ಧರ್ಮದ ಸಾವು ಅಂತ ಕೇಳ್ಕೊಂಡು ಅತ್ತವರಲ್ಲ ನಾವು.

ಕಿಸಾಗೋತಮಿಯ ಸಾಸಿವೆಯ ಕತೆ ಎಲ್ರಿಗೂ ಗೊತ್ತು. ಬುದ್ಧ ಸಾವಿಲ್ಲದ ಮನೆಯ ಸಾಸಿವೆ ತಾ ಅಂದ, ಅಂಥ ಮನೆ ಸಿಗಲಿಲ್ಲ, ಅವಳಿಗೆ ತಿಳಿವು ಬಂತು. ಸಾವು ಎಲ್ಲರಿಗೂ ಇದೆ ಅನ್ನೋ ಮಾತು ಬಾಂಬಿನ ಸಾವಿಗೆ ಹೊಂದಲ್ಲ, ಅದನ್ನ ಯಾರೋ ಕೂತು ತಂತಿ ಸುತ್ತಿ ತಯಾರು ಮಾಡಿರ್ತಾರೆ. ಆದ್ರೆ ಮನೆಮನೆ ತಿರುಗುವಾಗ ಪ್ರತಿ ಬಾಗಿಲಲ್ಲಿ ಒಬ್ಬಾಕೆ ನಿಂತು ತನ್ನ ಸತ್ತವರ ಕತೆ ಅವಳಿಗೆ ಹೇಳಿದ್ಲಲ್ಲ, ಆ ತಿರುಗಾಟವೇ ಔಷಧಿ ಅಂತ ನನಗನಿಸುತ್ತೆ. ಒಂದು ಸಂಕಟ ಮಾತ್ರ ಇದೆ. ನಮ್ಮ ಕೇರಿಯ ಕಿಸಾಗೋತಮಿಗೆ ಊರೊಳಗೆ ಎಷ್ಟು ಬಾಗಿಲು ತೆರೀತಿದ್ವು?

ಹೈದರಾಬಾದ್ ನಮಗೆ ಬೆಂಗಳೂರಿಗಿಂತ ಹತ್ತಿರ. 2007ರ ಮೇ 18, ಶುಕ್ರವಾರ, ಮೆಕ್ಕಾ ಮಸೀದಿಯಲ್ಲಿ ನಮಾಜಿನ ಹೊತ್ತಿಗೆ ಸ್ಫೋಟ, ಆಮೇಲೆ ಸಿಟ್ಟಿಗೆದ್ದ ಜನರ ಮೇಲೆ ಪೊಲೀಸರ ಗುಂಡು. ಸತ್ತವರೂ ಮುಸ್ಲಿಮರೇ, ಹಿಡ್ಕೊಂಡು ಹೋಗಿದ್ದೂ ಮುಸ್ಲಿಂ ಹುಡುಗರನ್ನೇ. ಅವರು ನಿರ್ದೋಷಿಗಳು ಅಂತ ಆದಮೇಲೆ ಆಂಧ್ರ ಸರ್ಕಾರ ಪರಿಹಾರದ ಚೆಕ್ಕು, ಒಳ್ಳೇ ನಡತೆಯ ಪತ್ರ ಕೊಡ್ತು. ಮುಂದೆ ಹಿಂದುತ್ವವಾದಿಗಳ ಮೇಲೆ ಕೇಸು ನಡೆದು 2018ರಲ್ಲಿ ಅವರೂ ಖುಲಾಸೆ. ಮಸೀದಿಯಲ್ಲಿ ಸತ್ತವರ ಮನೆಯವರಿಗೆ ಇವತ್ತಿಗೂ "ಯಾರು?" ಅನ್ನೋದಕ್ಕೆ ಉತ್ತರ ಇಲ್ಲ. ಆದ್ರೆ ಅವತ್ತೇ ಟೀವಿಯಲ್ಲಿ ಉತ್ತರ ಇತ್ತು, ಚಾ ಅಂಗಡೀಲೂ ಇತ್ತು.

ಯಾರು ಅನ್ನೋ ಪ್ರಶ್ನೆ ಬೇಡ ಅಂತ ನಾನು ಹೇಳ್ತಿಲ್ಲ. ಕೇಳಲೇಬೇಕು, ಕೋರ್ಟಿನಲ್ಲಿ ನಿಂತು, ಸಾಕ್ಷಿ ಹಿಡಿದು ಕೇಳಬೇಕು. ಆದ್ರೆ 2008ರ ಜುಲೈ 25ರಂದು ಬೆಂಗಳೂರಿನ ಸರಣಿ ಸ್ಫೋಟದಲ್ಲಿ ಮಡಿವಾಳದ ಬಸ್‌ಸ್ಟಾಪಿನಲ್ಲಿ ಒಬ್ಬ ಹೆಣ್ಣುಮಗಳು ಸತ್ತಾಗ ನಮ್ಮ ಎಷ್ಟು ಸಭೆಗಳಲ್ಲಿ ಅವಳ ಮಾತು ಬಂತು? ಆರೋಪಿಗಳ ಹೆಸರು ನಮಗೆಲ್ಲ ಬಾಯಿಪಾಠ. ಮಂಗಳೂರಿನಲ್ಲಿ 2022ರ ನವೆಂಬರ್‌ನಲ್ಲಿ ಆಟೋದಲ್ಲಿ ಕುಕ್ಕರ್ ಬಾಂಬ್ ಸಿಡಿದಾಗ ಸುಟ್ಟುಕೊಂಡ ಡ್ರೈವರ್‌ಗೆ ಅಲ್ಲಿನ ಒಂದು ಸಂಘಟನೆ ಮನೆ ರಿಪೇರಿ ಮಾಡಿಸಿಕೊಟ್ಟಿತು. ಅದು ನಮ್ಮ ಸಿದ್ಧಾಂತದ ಸಂಘಟನೆ ಹೌದೋ ಅಲ್ಲವೋ, ಹೋಗಿ ಮನೆ ಸೂರು ನೋಡಿದ್ರಲ್ಲ.

ವಾಡಿ, ಶಹಾಬಾದ್, ನಾಲವಾರ ಕಡೆಯ ಗೆಳೆಯರು ಇದನ್ನ ಓದ್ತಿದ್ರೆ ಒಂದು ಕೆಲಸ ಮಾಡಿ. 2000ದ ಜೂನ್ 8ರ ಮರು ಭಾನುವಾರ, ಅಂದ್ರೆ 11ನೇ ತಾರೀಕು, ಚರ್ಚಿಗೆ ಯಾರ್ಯಾರು ಹೋದ್ರಿ, ಯಾರು ಹೆದರಿ ಮನೇಲೇ ಉಳಿದ್ರಿ, ಪಕ್ಕದ ಮನೆಯವರು ಬಂದು ಏನಂದ್ರು, ನೆನಪಿದ್ದಷ್ಟು ಬರೆದು ಕಳಿಸಿ. ಹೆಸರು ಹಾಕೋದು ಬೇಡ, ಸರ್ಟಿಫಿಕೇಟಿನ ತೊಂದರೆ ಇರೋರು ಫೋನ್ ಮಾಡಿ ಹೇಳಿದ್ರೂ ಸಾಕು, ನಾನೇ ಬರ್ಕೋತೀನಿ. ಮುಂದಿನ ತಿಂಗಳು ವಾಡಿಗೆ ಬರ್ತಿದ್ದೀನಿ. ಅಜ್ಜಿಯ ತಂಗಿ ಇನ್ನೂ ಇದ್ದಾಳೆ ಅಂತ ಕೇಳಿದ್ದೀನಿ.