ಹೊಲದ ಒಡ್ಡು: ಒಬ್ಬನದಲ್ಲ, ಇಳಿಜಾರಿನವರೆಲ್ಲರದು

ಮಲಪ್ರಭೆ-ಘಟಪ್ರಭೆಗಳ ನಡುವಣ ಚಚಡಿಯ ಸೀಮೆಯಲ್ಲಿ ದೊಡ್ಡ ಮಳೆ ಸುರಿದ ಮರುದಿನ ಹಳ್ಳದ ದಂಡೆಯಲ್ಲಿ ನಿಂತು ನೋಡಿರಿ. ಕದಡಿ ಹರಿಯುವುದು ಬರಿಯ ನೀರಲ್ಲ. ನಮ್ಮ ಹೊಲಗಳ ಮೇಲ್ಮಣ್ಣು. ಅದನ್ನು ತಡೆದು ನಿಲ್ಲಿಸಲು ನಮ್ಮ ನಾಡು ಪಟ್ಟ ಶ್ರಮಕ್ಕೆ ಒಂದು ಇತಿಹಾಸವುಂಟು.

ನಮ್ಮ ಹಿರಿಯರು ಈ ವಿದ್ಯೆಯನ್ನು ಅರಿಯದವರಲ್ಲ. ನೀರಿನ ಓಟಕ್ಕೆ ಅಡ್ಡಲಾಗಿ ಒಡ್ಡು ಹಾಕಿ, ಹೆಚ್ಚಿನ ನೀರು ಹೊರಬೀಳಲು ಕಲ್ಲಿನ ಕೋಡಿ ಕಟ್ಟುತ್ತಿದ್ದರು. ಆದರೆ ಒಬ್ಬ ರೈತನ ಒಡ್ಡು ಅವನ ಹೊಲದ ಗಡಿಗೆ ಮುಗಿಯುತ್ತಿತ್ತು. ಇಳಿಜಾರಿಗಾದರೋ ಸರ್ವೆ ನಂಬರಿನ ಗಡಿ ತಿಳಿಯದು. ಮೇಲಿನವನ ಒಡ್ಡು ಒಡೆದರೆ ಕೆಳಗಿನವನ ಹೊಲವೂ ಕೊರೆದುಹೋಗುವುದು.

ಅಂದು ಬೆಳಗಾವಿ, ವಿಜಯಪುರ ಜಿಲ್ಲೆಗಳೆರಡೂ ಮುಂಬಯಿ ಪ್ರಾಂತಕ್ಕೆ ಸೇರಿದ್ದವು. 1933ರಲ್ಲಿ ಸೊಲ್ಲಾಪುರ ಮತ್ತು ವಿಜಯಪುರಗಳಲ್ಲಿ ಒಣ ಬೇಸಾಯದ ಸಂಶೋಧನ ಕೇಂದ್ರಗಳು ಆರಂಭವಾದವು. ಒಡ್ಡು ಹಾಕುವುದು, ಆಳವಾಗಿ ಉಳುವುದು, ಕೊಟ್ಟಿಗೆ ಗೊಬ್ಬರ ಕೊಡುವುದು, ಸಾಲುಗಳನ್ನು ದೂರವಿಟ್ಟು ಕಡಿಮೆ ಬೀಜ ಬಿತ್ತುವುದು, ಮೇಲಿಂದ ಮೇಲೆ ಎಡೆ ಹೊಡೆಯುವುದು—ಇವು ಕೂಡಿ 'ಮುಂಬಯಿ ಒಣ ಬೇಸಾಯ ಪದ್ಧತಿ'ಯೆನಿಸಿದವು. 1942ರಲ್ಲಿ ಭೂಸುಧಾರಣಾ ಯೋಜನೆಗಳ ಕಾಯಿದೆ ಬಂದಿತು. ಒಬ್ಬೊಬ್ಬನ ಹೊಲವನ್ನಲ್ಲ, ಹಲವರ ಹೊಲಗಳನ್ನು ಕೂಡಿಸಿ ಒಂದೇ ಯೋಜನೆಯಾಗಿ ಕಾಣಲು ಅದು ದಾರಿ ತೆರೆಯಿತು. 1942-43ರ ಬರಗಾಲದಲ್ಲಿ ವಿಜಯಪುರ ಜಿಲ್ಲೆಯ ಹಸಿದ ಜನಕ್ಕೆ ಒಡ್ಡಿನ ಕೆಲಸವೇ ಕೂಲಿಯಾಯಿತು. ಏಕೀಕರಣದ ತರುವಾಯ, 1961ರಲ್ಲಿ, ಇಡೀ ರಾಜ್ಯಕ್ಕೆ ಅನ್ವಯಿಸುವ ಭೂ ಅಭಿವೃದ್ಧಿ ಕಾಯಿದೆಯಾಯಿತು.

ಆದರೂ ಒಡ್ಡು ಎಲ್ಲೆಡೆ ಬಾಳಲಿಲ್ಲ. ಮಸಾರಿ ಭೂಮಿಗೆ ಒಗ್ಗಿದ ಸಮಪಾತಳಿಯ ಒಡ್ಡು ಆಳವಾದ ಎರೆಭೂಮಿಗೆ ಒಗ್ಗಲಿಲ್ಲ. ಎರೆಮಣ್ಣು ಬೇಸಗೆಯಲ್ಲಿ ಬಿರಿಯುತ್ತದೆ, ಒಡ್ಡೂ ಬಿರಿಯುತ್ತದೆ. ಮೊದಲ ಮಳೆಯ ನೀರು ಆ ಬಿರುಕಿನಲ್ಲಿ ನುಗ್ಗಿ ಅದನ್ನು ಒಡೆಯುತ್ತದೆ. ಒಡೆಯದೆ ಉಳಿದರೆ, ನೀರು ಬೇಗ ಇಂಗದೆ ಒಡ್ಡಿನ ಮೇಲ್ಭಾಗದಲ್ಲಿ ನಿಂತು ಬೆಳೆ ಕೊಳೆಯುತ್ತದೆ. ಬೇಸತ್ತ ರೈತ ತಾನೇ ಅದನ್ನು ಹರಿದರೆ ಅದು ಬರಿಯ ಮೊಂಡುತನವಲ್ಲ. ಅವನ ಹೊಲ ಕಲಿಸಿದ ಪಾಠವೂ ಹೌದು.

ಈ ಪಾಠವನ್ನು ವಿಜ್ಞಾನಿಗಳೂ ಕಲಿತರು. ನೀರನ್ನು ಮೆಲ್ಲಗೆ ಹೊರಗೊಯ್ಯುವ ಇಳಿಜಾರಿನ ಒಡ್ಡುಗಳು ಎರೆಗೆ ಲೇಸೆಂದು ಕಂಡಿತು. ಹಿಂಗಾರಿ ಬಿತ್ತುವ ಹೊಲಗಳಿಗೆ ಚೌಕುಮಡಿಯ ಪದ್ಧತಿ ಬಂದಿತು. ಮುಂಗಾರಿನಲ್ಲಿ ಸಣ್ಣ ಸಣ್ಣ ಮಡಿಗಳನ್ನು ಮಾಡಿದರೆ ಬಿದ್ದ ಮಳೆ ಬಿದ್ದಲ್ಲಿಯೇ ಇಂಗುವುದು. ಆ ಹಸಿಯ ಮೇಲೆ ಬಿಳಿಜೋಳ, ಕಡಲೆ ಬೆಳೆಯುವವು.

ಆದರೆ ಯಾವ ಕಾಯಿದೆಯೂ ಕಾಯಲಾಗದ ಸಂಗತಿಯೊಂದಿದೆ. ಒಂದು ಸಾಲು ಹೆಚ್ಚು ಬಿತ್ತುವ ಆಸೆಯಿಂದ ವರ್ಷ ವರ್ಷವೂ ಬದುವಿನ ಅಂಚಿಗೆ ನೇಗಿಲು ತಾಗಿಸುವವನು ತನ್ನದನ್ನಷ್ಟೇ ಅಲ್ಲ, ಕೆಳಗಿನವನ ಅನ್ನವನ್ನೂ ಹರಗುತ್ತಾನೆ. ಊರುಗಳಲ್ಲಿರುವ ನಮ್ಮ ಮಠದ ಹಳೆಯ ವಿದ್ಯಾರ್ಥಿಗಳೇ, ಈ ಬೇಸಗೆಯಲ್ಲಿ ನಿಮ್ಮ ಹೊಲದ ಬದುವಿನ ಮೇಲೆ ಒಮ್ಮೆ ನಡೆದು ಬನ್ನಿರಿ. ಮೇಲಿನ ಹೊಲದವರನ್ನೂ ಕೆಳಗಿನ ಹೊಲದವರನ್ನೂ ಜೊತೆಗೆ ಕರೆದುಕೊಳ್ಳಿರಿ. ಒಡ್ಡಿನ ದುರಸ್ತಿ ಅಲ್ಲಿಂದಲೇ ಆರಂಭವಾಗಲಿ.