ಕಲ್ಯಾಣದ ಓಲೆ, ಚೀನದ ಅಚ್ಚು, ಮಿಸರದ ಕಾಗದ

ಬೀದರ ಜಿಲ್ಲೆಯ ಬಸವಕಲ್ಯಾಣ ಮತ್ತು ಹುಮನಾಬಾದ್ ನೆರೆಹೊರೆಯ ತಾಲೂಕು ಕೇಂದ್ರಗಳು. ಇವುಗಳಿಗೆ ದಕ್ಷಿಣದಲ್ಲಿ, ಇಂದಿನ ಕಲಬುರಗಿ ಜಿಲ್ಲೆಯಲ್ಲಿ, ರಾಷ್ಟ್ರಕೂಟರ ಮಾನ್ಯಖೇಟವೆನಿಸಿದ ಮಳಖೇಡವಿದೆ. ಎರಡು ಸಾಮ್ರಾಜ್ಯಗಳ ರಾಜಧಾನಿಗಳು ಇಷ್ಟು ಹತ್ತಿರ ಹತ್ತಿರ ಇದ್ದ ಪ್ರದೇಶವು ಪ್ರಾಚೀನ ನಾಗರಿಕತೆಗಳನ್ನು ತೂಗಿನೋಡುವವರ ಕಣ್ಣಿಗೆ ಬಹು ಹಿಂದೆಯೇ ಬಿದ್ದಿತ್ತು. ಕ್ರಿ.ಶ. 851ರ ಅರಬ್ಬೀ ವೃತ್ತಾಂತವೊಂದು ಲೋಕದ ನಾಲ್ವರು ಮಹಾರಾಜರನ್ನು ಎಣಿಸುವಾಗ ಬಾಗ್ದಾದಿನ ಖಲೀಫ, ಚೀನದ ಚಕ್ರವರ್ತಿ, ರೋಮಕ ದೊರೆ, ಇವರ ಸಾಲಿನಲ್ಲಿ 'ಬಲ್ಹರಾ'ನನ್ನು ನಿಲ್ಲಿಸುತ್ತದೆ. ಬಲ್ಹರಾ ಎಂದರೆ ವಲ್ಲಭರಾಜ. ಆಗ ಮಾನ್ಯಖೇಟದಲ್ಲಿ ಆಳುತ್ತಿದ್ದವನು ಅಮೋಘವರ್ಷ ನೃಪತುಂಗ. ವರ್ತಕರ ಆ ತಕ್ಕಡಿಯಲ್ಲಿ ತೂಗಿದ್ದು ಸಂಪತ್ತು ಮತ್ತು ಸೈನ್ಯ. ಹಸ್ತಪ್ರತಿಗಳೊಡನೆ ಬಾಳುವ ನಮಗೆ ಬೇರೊಂದು ತಕ್ಕಡಿ ಬೇಕು. ತಾನು ಅರಿತುದನ್ನು ಆಯಾ ನಾಡು ಹೇಗೆ ಬರೆದಿಟ್ಟಿತು, ಹೇಗೆ ಉಳಿಸಿಕೊಂಡಿತು ಎಂಬುದೇ ಆ ತಕ್ಕಡಿ.

ಚಾಳುಕ್ಯ ಒಂದನೆಯ ಸೋಮೇಶ್ವರನು (1042-1068) ಕಲ್ಯಾಣವನ್ನು ರಾಜಧಾನಿಯಾಗಿ ಬೆಳೆಸಿದನು. ಅದೇ ದಶಕದಲ್ಲಿ, 1041-48ರ ನಡುವೆ, ಚೀನದಲ್ಲಿ ಬೀ ಶಂಗ್ ಎಂಬವನು ಸುಟ್ಟ ಮಣ್ಣಿನ ಬಿಡಿ ಅಚ್ಚುಮೊಳೆಗಳನ್ನು ಜೋಡಿಸಿ ಮುದ್ರಿಸುವ ಉಪಾಯವನ್ನು ಕಂಡುಹಿಡಿದನು. 1049ರಲ್ಲಿ ಜೈನಕವಿ ಶ್ರೀಧರಾಚಾರ್ಯನು ಕನ್ನಡದಲ್ಲಿ 'ಜಾತಕತಿಲಕ'ವನ್ನು ರಚಿಸಿದನು. ಮುಂದೆ ಚಾಳುಕ್ಯ ರಾಜಕುಮಾರ ಕೀರ್ತಿವರ್ಮನು 'ಗೋವೈದ್ಯ'ವನ್ನು ಬರೆದನು. 1129ರಲ್ಲಿ ಮೂರನೆಯ ಸೋಮೇಶ್ವರನ 'ಮಾನಸೋಲ್ಲಾಸ'ವು 5 ವಿಂಶತಿಗಳಲ್ಲಿ, 100 ಅಧ್ಯಾಯಗಳಲ್ಲಿ ಆ ಕಾಲದ ಲೋಕಜ್ಞಾನವನ್ನೆಲ್ಲ ಅಡಕಗೊಳಿಸಿತು. ಹೇಳಬೇಕಾದುದು ನಮ್ಮಲ್ಲಿ ಕಡಮೆಯಿರಲಿಲ್ಲ. ಅದನ್ನು ಓಲೆಗರಿಯಲ್ಲಿ ಒಂದೊಂದಾಗಿ ಬರೆಯುತ್ತಿದ್ದೆವು, ಅಷ್ಟೆ.

ಅಚ್ಚು ಹುಟ್ಟಿದ್ದು ಬರಿಯ ಅನುಕೂಲಕ್ಕಾಗಿ ಎಂದು ಭಾವಿಸುವವರು ಒಂದು ಸಂಗತಿಯನ್ನು ಗಮನಿಸಬೇಕು. ತೇದಿಯುಳ್ಳ ಅಚ್ಚಿನ ಗ್ರಂಥಗಳಲ್ಲಿ ಪೂರ್ಣವಾಗಿ ಉಳಿದಿರುವ ಅತ್ಯಂತ ಪ್ರಾಚೀನ ಗ್ರಂಥವು 868ರ ಬೌದ್ಧ ವಜ್ರಚ್ಛೇದಿಕಾ ಸೂತ್ರ. ವಾಂಗ್ ಜಿಯೆ ಎಂಬ ಗೃಹಸ್ಥನು ತನ್ನ ತಾಯಿತಂದೆಗಳ ಪುಣ್ಯಾರ್ಥವಾಗಿ, ಎಲ್ಲರಿಗೂ ಹಂಚಲೆಂದು ಅದನ್ನು ಮಾಡಿಸಿದನು. ಅಂದರೆ ಮರದ ಹಲಗೆಯ ಅಚ್ಚಿನ ಹಿಂದೆ ಇದ್ದುದು ಶಾಸ್ತ್ರದಾನ. ಅದಾಗಿ ಒಂದು ಶತಮಾನವೂ ಚಿಲ್ಲರೆಯೂ ಕಳೆದ ಮೇಲೆ ನಮ್ಮ ದಾನಚಿಂತಾಮಣಿ ಅತ್ತಿಮಬ್ಬೆಯು ಪೊನ್ನನ 'ಶಾಂತಿಪುರಾಣ'ದ 1000 ಪ್ರತಿಗಳನ್ನು ಬರೆಯಿಸಿ ಹಂಚಿದಳು. ರನ್ನನ 'ಅಜಿತಪುರಾಣ' (993) ಆಕೆಯ ಆಶ್ರಯದಲ್ಲಿಯೇ ಮೂಡಿತು. ಆಹಾರ, ಅಭಯ, ಭೈಷಜ್ಯ, ಶಾಸ್ತ್ರ ಎಂಬ ಚತುರ್ವಿಧ ದಾನಗಳಲ್ಲಿ ಕೊನೆಯದನ್ನು ಇಷ್ಟು ದೊಡ್ಡ ಪ್ರಮಾಣದಲ್ಲಿ ನಡೆಸಿದವರು ವಿರಳ. ಪ್ರೇರಣೆ ಎರಡು ಕಡೆಯೂ ಒಂದೇ, ಸಾಧನ ಮಾತ್ರ ಬೇರೆ.

ಹಾಗಾದರೆ ಅತ್ತಿಮಬ್ಬೆಯ ನಾಡಿನಲ್ಲಿ ಅಚ್ಚು ಏಕೆ ಹುಟ್ಟಲಿಲ್ಲ? ಒತ್ತಿ ಮೂಡಿಸುವ ವಿದ್ಯೆ ಇಲ್ಲಿ ಅಪರಿಚಿತವಾಗಿರಲಿಲ್ಲ. ಚಾಳುಕ್ಯರ ಹೊನ್ನಿನ ನಾಣ್ಯಗಳ ಮೇಲೆ ಅಚ್ಚೊತ್ತಿದ ಲಾಂಛನಗಳಿವೆ. ತಾಮ್ರಪಟಗಳ ಬಳೆಗಳಿಗೆ ರಾಜಮುದ್ರೆಗಳಿವೆ. ಆದರೆ ಕಿರಿದಾದ ಗರಿಯ ಮೇಲೆ ಹಲಗೆಯನ್ನು ಒತ್ತುವುದಕ್ಕಿಂತ ಕಂಟದಿಂದ ಕೊರೆಯುವುದು ಸುಲಭ. ಇದಕ್ಕಿಂತ ಬಲವಾದ ಕಾರಣವೊಂದು ನನಗೆ ತೋರುತ್ತದೆ: ನಮ್ಮವರಿಗೆ ಪ್ರತಿ ಮಾಡುವ ಕೆಲಸವೇ ಒಂದು ಸ್ವಾಧ್ಯಾಯವಾಗಿತ್ತು, ಶ್ರುತಪಂಚಮಿಯ ನೋಂಪಿಗೆ ಅಂಗವಾಗಿತ್ತು. ಬರೆಯುವ ಶ್ರಮದಲ್ಲಿಯೇ ಪುಣ್ಯವನ್ನು ಕಂಡವರಿಗೆ ಶ್ರಮವನ್ನುಳಿಸುವ ಯಂತ್ರ ಬೇಕೆನಿಸುವುದು ಕಷ್ಟ.

ವ್ಯಾಪಾರದ ಕೊರತೆಯಂತೂ ಇದಕ್ಕೆ ಕಾರಣವಲ್ಲ. ಅಯ್ಯಾವೊಳೆಯ ಐನೂರ್ವರ ಹೆಸರಿನ ತಮಿಳು ಶಾಸನವೊಂದು ಸುಮಾತ್ರಾದ ಬಾರೂಸಿನಲ್ಲಿ ದೊರೆತಿದೆ. ಅದರ ಕಾಲ 1088, ಕಲ್ಯಾಣದಲ್ಲಿ ಆರನೆಯ ವಿಕ್ರಮಾದಿತ್ಯನ ಆಳಿಕೆ. ಪಡುವಣ ಕಡಲಿನ ಸಾಕ್ಷ್ಯ ಇನ್ನೂ ಸ್ವಾರಸ್ಯವಾದುದು. ಅಬ್ರಹಾಂ ಬೆನ್ ಯಿಜು ಎಂಬ ಯಹೂದ್ಯ ವರ್ತಕನು 1132ರಿಂದ 1149ರವರೆಗಿನ ಬಹುಭಾಗವನ್ನು ಮಂಗಳೂರು ಮೊದಲಾದ ಪಶ್ಚಿಮ ಕರಾವಳಿಯ ಪಟ್ಟಣಗಳಲ್ಲಿ ಕಳೆದನು. ಅವನು ಏಡನ್ ಬಂದರಿಗೆ ಮೆಣಸು, ಏಲಕ್ಕಿ, ಕಬ್ಬಿಣಗಳನ್ನು ಕಳುಹಿಸುತ್ತಿದ್ದನು. ಅಲ್ಲಿಯ ಸ್ನೇಹಿತರು ಅವನಿಗೆ ಕಳುಹಿಸುತ್ತಿದ್ದ ವಸ್ತುಗಳಲ್ಲಿ ಮಿಸರದ ಕಾಗದವೂ ಒಂದು. ಇಲ್ಲಿ ಕಾಗದ ಸಿಕ್ಕುವುದಿಲ್ಲವೆಂಬುದು ಅವರ ಪತ್ರಗಳಿಂದಲೇ ತಿಳಿಯುತ್ತದೆ. 'ಮಾನಸೋಲ್ಲಾಸ' ಹುಟ್ಟಿದ ಕೆಲವೇ ವರ್ಷಗಳಲ್ಲಿ ಕನ್ನಡ ಕರಾವಳಿಗೆ ಕಾಗದ ಬಂದಿಳಿದಿತ್ತು. ಗುಜರಾತಿನ ಶ್ವೇತಾಂಬರ ಭಂಡಾರಗಳು ಮುಂದೆ ಕಾಗದವನ್ನು ಒಪ್ಪಿಕೊಂಡವು. ನಾವು ಹತ್ತೊಂಬತ್ತನೆಯ ಶತಮಾನದವರೆಗೂ ಓಲೆಯನ್ನು ಬಿಡಲಿಲ್ಲ.

ಇದನ್ನು ಹಿಂದುಳಿದಿರುವಿಕೆ ಎಂದು ಬಗೆಯುವುದು ಆತುರದ ನಿರ್ಣಯ. ಅಮೋಘವರ್ಷನ ಕಾಲದ ಮಹಾವೀರಾಚಾರ್ಯನ 'ಗಣಿತಸಾರಸಂಗ್ರಹ'ವನ್ನೂ ಬಾಗ್ದಾದಿನ ಅಲ್ ಖ್ವಾರಿಜ್ಮಿಯು ಹಿಂದೂ ಅಂಕಗಳನ್ನು ಕುರಿತು ಬರೆದ ಗ್ರಂಥವನ್ನೂ ಹೋಲಿಸಿ ನೋಡಬಹುದು. ಇಬ್ಬರೂ ಒಂದೇ ಶತಮಾನದವರು. ಬಾಗ್ದಾದಿನಲ್ಲಿ ಕಾಗದವಿತ್ತು, ಆದರೂ ಆ ಗ್ರಂಥದ ಅರಬ್ಬೀ ಮೂಲ ಅಳಿದು ಲ್ಯಾಟಿನ್ ರೂಪಗಳಷ್ಟೇ ಉಳಿದವು. ಮಾನ್ಯಖೇಟವು 972ರಲ್ಲಿ ಪರಮಾರ ಸೀಯಕನಿಂದ ಸೂರೆಹೋಯಿತು. ಆದರೂ ಮಹಾವೀರಾಚಾರ್ಯನ ಕೃತಿ ಪ್ರತಿಯಿಂದ ಪ್ರತಿಗೆ ಸಾಗಿಬಂದು 1912ರಲ್ಲಿ ಎಂ. ರಂಗಾಚಾರ್ಯರ ಸಂಪಾದಕತ್ವದಲ್ಲಿ ಮದರಾಸಿನಲ್ಲಿ ಅಚ್ಚಾಯಿತು. ಉಳಿಸಿದ್ದು ಬರೆಯುವ ವಸ್ತುವಲ್ಲ, ಬರೆಯುವವರ ಪರಂಪರೆ.

ಭಂಡಾರಗಳ ವಿಷಯದಲ್ಲಿಯೂ ಇದೇ ಮಾತು. ವಜ್ರಚ್ಛೇದಿಕಾ ಸೂತ್ರ ಉಳಿದುದು ತುನ್‌ಹ್ವಾಂಗಿನ ಗುಹೆಯೊಂದನ್ನು ಯಾರೋ ಗೋಡೆ ಕಟ್ಟಿ ಮುಚ್ಚಿದುದರಿಂದ. ಬೆನ್ ಯಿಜುವಿನ ಪತ್ರಗಳು ಉಳಿದುದು, ದೇವರ ಹೆಸರಿರಬಹುದಾದ ಹಾಳೆಯನ್ನು ಬಿಸುಡಬಾರದೆಂಬ ಯಹೂದ್ಯ ನಿಯಮದಿಂದ ಕೈರೋದ ಪ್ರಾರ್ಥನಾಮಂದಿರದ ಕೋಣೆಯಲ್ಲಿ ಅವು ಸೇರಿದುದರಿಂದ. ಇಂದು ಮೂಡಬಿದಿರೆಯಲ್ಲಿರುವ ಧವಳ, ಜಯಧವಳ, ಮಹಾಬಂಧಗಳ ಶ್ರೀತಾಳ ಪ್ರತಿಗಳು ಹಾಗಲ್ಲ: ಅವು ಪೂಜೆಗೊಂಡವು, ದರ್ಶನಕ್ಕೆ ತೆರೆದವು, ಕಡೆಗೆ ಪ್ರತಿಯೂ ಆದವು. 1939ರಿಂದ 1958ರವರೆಗೆ ಹೀರಾಲಾಲ ಜೈನರು ಧವಳೆಯನ್ನು 16 ಸಂಪುಟಗಳಲ್ಲಿ ಹೊರತರಲು ಸಾಧ್ಯವಾದುದು ಆ ಪ್ರತಿಗಳಿಂದ. ಪೂಜೆಯು ಓದಿಗೆ ಅಡ್ಡಿಯಾಗಿದ್ದ ಕಾಲವೂ ಇತ್ತು ಎಂಬುದನ್ನು ಇಲ್ಲಿ ಮುಚ್ಚಿಡಬೇಕಾಗಿಲ್ಲ.

ಕಲ್ಯಾಣಕ್ಕೆ ಅಂತಹ ಭಂಡಾರದ ಭಾಗ್ಯವಿರಲಿಲ್ಲ. ಚೋಳ ರಾಜಾಧಿರಾಜನು ಈ ನಗರವನ್ನು ಸುಟ್ಟು ಇಲ್ಲಿಯ ದ್ವಾರಪಾಲಕ ವಿಗ್ರಹವೊಂದನ್ನು ಒಯ್ದನು. ಹಾಗೆ ತಂದುದೆಂದು ಪೀಠದಲ್ಲಿ ಬರೆಸಿದ್ದರಿಂದ ತಂಜಾವೂರಿನಲ್ಲಿರುವ ಆ ಕಲ್ಲು ಇಂದಿಗೂ ಕಲ್ಯಾಣದ್ದೆಂದು ಗುರುತಿಸಲ್ಪಡುತ್ತದೆ. ಸೂರೆಯಾದ ಕಲ್ಲಿಗಿರುವ ಈ ವಿಳಾಸ ಇಲ್ಲಿಂದ ಹೊರಟ ಓಲೆಗಳಿಗೆ ಇಲ್ಲ. ಕಲ್ಯಾಣದ ಅರಸರ ಕಾಲದ ಕೃತಿಗಳನ್ನು ನಾವು ಓದುತ್ತಿರುವುದು ಬೇರೆ ಬೇರೆ ಊರುಗಳ ಬಸದಿ, ಮಠ, ಮನೆಗಳಲ್ಲಿ ಉಳಿದ ಪ್ರತಿಗಳಿಂದ. ಬಿಜ್ಜಳನ ಕಾಲದ ಕ್ಷೋಭೆಯಲ್ಲಿ ಶರಣರು ವಚನಗಳ ಕಟ್ಟುಗಳನ್ನು ಹೊತ್ತು ಉಳವಿಯತ್ತ ನಡೆದರೆಂಬ ಐತಿಹ್ಯವೂ ಈ ಪ್ರವಾಸದ್ದೇ ನೆನಪು.

ಈ ಸೀಮೆಯ ಬರವಣಿಗೆಯನ್ನು ಕಣ್ಣಾರೆ ಕಾಣಬೇಕಾದರೆ ಹುಮನಾಬಾದ್ ತಾಲೂಕಿನ ಜಲಸಂಗ್ವಿಗೆ ಹೋಗಬೇಕು. ಅಲ್ಲಿಯ ಚಾಳುಕ್ಯ ದೇಗುಲದ ಹೊರಗೋಡೆಯಲ್ಲಿ ಶಿಲಾಬಾಲಿಕೆಯೊಬ್ಬಳು ವಿಕ್ರಮಾದಿತ್ಯನ ಸಂಸ್ಕೃತ ಪ್ರಶಸ್ತಿಯನ್ನು ಬರೆಯುತ್ತ ನಿಂತಿದ್ದಾಳೆ. ಬರೆಯುವ ಹೆಣ್ಣನ್ನು ಅಲಂಕಾರಕ್ಕೆ ಆರಿಸಿದ ಶಿಲ್ಪಿಗೆ ಅಂತಹವರು ಅಪೂರ್ವವೆನಿಸಿರಲಿಲ್ಲವೆಂದು ಊಹಿಸಬಹುದು.

ಕೆ. ಭುಜಬಲಿ ಶಾಸ್ತ್ರಿಗಳ 'ಕನ್ನಡ ಪ್ರಾಂತೀಯ ತಾಡಪತ್ರೀಯ ಗ್ರಂಥಸೂಚಿ' (1948) ನಮಗೆ ದಾರಿಯನ್ನು ತೆರೆದಿದೆ. ಇನ್ನು ನಡೆಯಬೇಕಾದುದು ಪುಷ್ಪಿಕೆಗಳ ಕೆಲಸ. ಲಿಪಿಕಾರನ ಹೆಸರು, ಬರೆಯಿಸಿದವರ ನೋಂಪಿ, ಮೂಲಪ್ರತಿ ಇದ್ದ ಊರು, ಇವನ್ನು ಗ್ರಂಥದ ಹೆಸರಿನಷ್ಟೇ ಎಚ್ಚರದಿಂದ ಗುರುತಿಸಿ ಪಟ್ಟಿಗೆ ತಂದರೆ ಕಲ್ಯಾಣದಿಂದ ಯಾವ ಕೃತಿ ಯಾವ ದಾರಿಯಲ್ಲಿ ಹೊರಟು ಯಾವ ಬಸದಿಯನ್ನು ಸೇರಿತೆಂಬುದನ್ನು ಸ್ವಲ್ಪಮಟ್ಟಿಗಾದರೂ ಬಿಡಿಸಬಹುದು. ಬೀದರ, ಕಲಬುರಗಿ ಜಿಲ್ಲೆಗಳ ಹಳೆಯ ಜೈನ ಮನೆತನಗಳಲ್ಲಿಯೂ ಓಲೆಕಟ್ಟುಗಳನ್ನು ವಿಚಾರಿಸಬೇಕು. ಗೆದ್ದಲಿಗೆ ನಮ್ಮ ಬಿಡುವಿನ ಹಂಗಿಲ್ಲ.